18 ವರ್ಷ ಬಿಟ್ಟಿದ್ದ ಪಿಟೀಲು, ಕೈ ಮತ್ತೆ ಕೂರುತ್ತಾ?

ಪ್ರಶ್ನೆ:
ಹೋದ ತಿಂಗಳು ಕೆಲಸ ಬಿಟ್ಟೆ. 18 ವರ್ಷ ಲೆಕ್ಕಪತ್ರ ನೋಡಿಕೊಂಡೇ ಕಳೆದವಳು, ಮುಂದೇನು ಅಂತ ಇನ್ನೂ ಗೊತ್ತಿಲ್ಲ. ಅಟ್ಟ ಗುಡಿಸುವಾಗ ಹಳೇ ಪಿಟೀಲು ಪೆಟ್ಟಿಗೆ ಸಿಕ್ಕಿತು. ಒಂದು ತಂತಿ ತುಂಡಾಗಿದೆ, ಕಮಾನಿನ ಕೂದಲು ಅರ್ಧ ಉದುರಿದೆ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯೋ ಮರದ ತುಂಡು) ಹತ್ತಿರ ನಾನೇ ಉದುರಿಸಿದ್ದ, ಕಮಾನಿಗೆ ಹಚ್ಚೋ ರಾಳದ ಪುಡಿ ಮಾತ್ರ ಹಾಗೇ ಬೆಳ್ಳಗೆ ಕೂತಿದೆ. ನೋಡಿ ಕಣ್ಣು ತುಂಬಿ ಬಂತು. ಕಾಲೇಜು ಮುಗಿಯುವವರೆಗೂ ದಿನಾ ನುಡಿಸುತ್ತಿದ್ದೆ. ಈಗ ಕೈ ಬರುತ್ತಾ? ಕೆಲಸ ಹುಡುಕಬೇಕಾದ ಹೊತ್ತಲ್ಲಿ ಇದನ್ನು ಹಿಡಿಯೋದು ತಪ್ಪಾ ಅನ್ನೋ ಅಳುಕೂ ಇದೆ.

ಉತ್ತರ 1:
ಮೊದಲು ವಾದ್ಯ ಉಳಿಸಿಕೊಳ್ಳಿ ಮೇಡಂ. ಉಳಿದ ಮೂರು ತಂತಿ ಒಟ್ಟಿಗೆ ಬಿಚ್ಚಬೇಡಿ. ಪಿಟೀಲಿನ ಹೊಟ್ಟೆಯೊಳಗೆ, ಕುದುರೆಯ ಒಂದು ಕಾಲಿನ ಹತ್ತಿರ, ಒಂದು ಸಣ್ಣ ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟು ಹಾಕಿರುವುದಿಲ್ಲ, ಬಿಗಿತದಲ್ಲೇ ನಿಂತಿರೋದು. ಎಲ್ಲ ತಂತಿ ಸಡಿಲಾದರೆ ಅದು ಬಿದ್ದುಬಿಡಬಹುದು, ಮತ್ತೆ ನಿಲ್ಲಿಸೋಕೆ ಕಸುಬು ಗೊತ್ತಿದ್ದವರೇ ಬೇಕು. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದು. ಕಮಾನಿಗೆ ಹೊಸ ಕೂದಲು ಕಟ್ಟಿಸಿ. ಅರ್ಧ ಕೂದಲಲ್ಲಿ ಬಿಗಿ ಮಾಡಿದರೆ ಕೋಲು ಸೊಟ್ಟಗಾಗುತ್ತದೆ. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಕೂದಲು ತಿನ್ನುವ ಹುಳು ಸೇರಿಕೊಳ್ಳುತ್ತದೆ, ಹಾಗಾಗಿ ಪಿಟೀಲು ಹೊರಗಿಟ್ಟು ಖಾಲಿ ಪೆಟ್ಟಿಗೆಯನ್ನು ಬಿಸಿಲಿಗೆ ತೆರೆದಿಡಿ.

ಉತ್ತರ 2:
ಬರುತ್ತದೆ. ನಾನು 12 ವರ್ಷ ಬಿಟ್ಟು ಮತ್ತೆ ಹಿಡಿದವಳು. ಒಮ್ಮೆ ಕಲಿತು ಮರೆತದ್ದನ್ನು ಎರಡನೇ ಸಲ ಕಲಿಯೋಕೆ ಕಡಿಮೆ ಹೊತ್ತು ಸಾಕು ಅಂತ ಎಬ್ಬಿಂಗ್‌ಹಾಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿದ್ದ. ಅವನು ಕಲಿತದ್ದು ಅರ್ಥವಿಲ್ಲದ ಅಕ್ಷರಗಳನ್ನು, ಪಿಟೀಲನ್ನಲ್ಲ, ಆದರೂ ನನ್ನ ಬೆರಳಲ್ಲಿ ನಾನು ಕಂಡದ್ದು ಅದೇ. ಕಷ್ಟ ಇರೋದು ಬೇರೆ ಕಡೆ. ನಿಮ್ಮ ಕಿವಿ ಹಾಳಾಗಿರುವುದಿಲ್ಲ, ಬೆರಳು ಮಾತ್ರ ಹಿಂದೆ ಬಿದ್ದಿರುತ್ತದೆ, ಹಾಗಾಗಿ ಪ್ರತಿ ಅಪಸ್ವರವೂ ನಿಮಗೇ ಮೊದಲು ಕೇಳಿಸಿ ಚುಚ್ಚುತ್ತದೆ. ಮೊದಲ ಸಲ ಕಲಿಯುವ ಮಕ್ಕಳಿಗೆ ಈ ನೋವು ಇಷ್ಟಿಲ್ಲ, ಅಲ್ವಾ? ತುಂಬ ಜನ ಮತ್ತೆ ಬಿಡೋದು ಇಲ್ಲೇ. ದಿನಕ್ಕೆ 15 ನಿಮಿಷ ಸಾಕು, ತುದಿಬೆರಳು ಗಟ್ಟಿಯಾಗುವವರೆಗೆ ಜಾಸ್ತಿ ಒತ್ತಬೇಡಿ. ಹಳೇ ಕಷ್ಟದ ಕೃತಿಗಳನ್ನು ಈಗಲೇ ಮುಟ್ಟಬೇಡಿ.

ಉತ್ತರ 3:
ಅಳುಕಿನ ಬಗ್ಗೆ ಒಂದು ಮಾತು. "ಇದನ್ನೇ ಕಸುಬು ಮಾಡಿಕೋ" ಅನ್ನುವವರು ಸಿಗುತ್ತಾರೆ. ಅವರ ಮಾತು ಈಗ ಕೇಳಬೇಡಿ. ಕೆಲಸ ಬಿಟ್ಟ ಮೇಲೆ ನನ್ನ ಚಿತ್ರ ಬರೆಯೋ ಹುಚ್ಚಿನಿಂದಲೇ ದುಡಿಯಬೇಕು ಅಂತ ಹೊರಟೆ, ಮೂರೇ ತಿಂಗಳಲ್ಲಿ ಕುಂಚ ನೋಡಿದರೆ ಬೇಸರ ಬರೋ ಹಾಗಾಯಿತು. ಬೆಳಿಗ್ಗೆ ಅರ್ಜಿ ಹಾಕಿ, ಸಂಜೆ ಪಿಟೀಲು ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ತಂತಿ ಒಂದೊಂದಾಗಿಯೇ ಬದಲಾಯಿಸಿದೆ, ಕಡ್ಡಿ ನಿಂತೇ ಇದೆ. ಕಮಾನು ರಿಪೇರಿಗೆ ಹೋಗಿದೆ, ಅದಕ್ಕೇ ನಿನ್ನೆ ಸಂಜೆ ಬೆರಳಲ್ಲೇ ಮೀಟಿಕೊಂಡು, ಮೊದಲ ಪಾಠವಾದ ಸರಳೆ ವರಸೆ ಹಿಡಿದೆ. ಗಾಂಧಾರ ಸ್ವರ ಸ್ವಲ್ಪ ಇಳಿದಿತ್ತು. ಬೆರಳು ತಾನಾಗಿಯೇ ಮೇಲಕ್ಕೆ ಜರುಗಿತು.