"ಅವನ್ನ ಅಧ್ಯಕ್ಷ ಮಾಡಿದ್ರು": ಇದರೊಳಗೆ ಇನ್ನೊಂದು ವಾಕ್ಯ ಇದೆಯಾ?

ಕೊಪ್ಪಳದ ಓದುಗ:
ಭಾಷಾಶಾಸ್ತ್ರದಲ್ಲಿ 'ಸ್ಮಾಲ್ ಕ್ಲಾಝ್' ಅಂತಾರಲ್ಲ, ಅದಕ್ಕೆ ಕಿರುವಾಕ್ಯ ಅನ್ನೋಣ. ಕಾಲ ತೋರಿಸುವ ಕ್ರಿಯಾಪದ ಇರೋದಿಲ್ಲ, ಆದರೂ ಒಬ್ಬ ಕರ್ತೃ, ಅವನ ಬಗ್ಗೆ ಒಂದು ಮಾತು ಇರುತ್ತದೆ. "ಊರವರು ಅವನನ್ನು ಅಧ್ಯಕ್ಷನನ್ನಾಗಿ ಮಾಡಿದರು" ನೋಡಿ. ಒಳಗೆ 'ಅವನು ಅಧ್ಯಕ್ಷ' ಕೂತಿದೆ. ಅದಕ್ಕೇ ಎರಡೂ ಕಡೆ 'ಅನ್ನು' ಬಂದಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಭಾಷಾಶಾಸ್ತ್ರಜ್ಞ ಟಿಮ್ ಸ್ಟೋವೆಲ್ 1981ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ಹೇಳಿದ್ದೂ ಇದೇ. ಕ್ರಿಯಾಪದಕ್ಕೆ ಮಾತ್ರ ಅಲ್ಲ, ನಾಮಪದಕ್ಕೂ ಗುಣವಾಚಕಕ್ಕೂ ಕರ್ತೃ ಇರಬಹುದು.

ಬಳ್ಳಾರಿ ಕೋಟೆ:
"ದೊಡ್ಡ ಸಾಕ್ಷಿ ಬೇಕಾ" ಅಂತ ಕೇಳಿದಿರಿ. ಬೇಕು ಸರ್. 1975ರಲ್ಲಿ 'ಸ್ಮಾಲ್ ಕ್ಲಾಝ್' ಅನ್ನುವ ಹೆಸರು ಬಳಸಿದ ಭಾಷಾಶಾಸ್ತ್ರಜ್ಞ ಎಡ್ವಿನ್ ವಿಲಿಯಮ್ಸ್ ಅವರೇ 1983ರಲ್ಲಿ ಕಿರುವಾಕ್ಯದ ವಿರುದ್ಧ ಲೇಖನ ಬರೆದರು. 'ಅವನು ಅಧ್ಯಕ್ಷ' ಒಂದೇ ತುಂಡಾಗಿದ್ದರೆ ಎರಡೂ ಪದ ಒಟ್ಟಿಗೆ ಇರಬೇಕಲ್ವಾ? "ಅವನನ್ನು ನಿನ್ನೆ ಊರವರು ಅಧ್ಯಕ್ಷನನ್ನಾಗಿ ಮಾಡಿದರು." ನಡುವೆ ಎರಡು ಪದ ನುಗ್ಗಿವೆ. ತುಂಡು ಎಲ್ಲಿ?

ರಾಯಚೂರು ಹುಡುಗಿ:
'ಅಧ್ಯಕ್ಷನನ್ನಾಗಿ' ಅಂತ ಯಾರು ಮಾತಾಡ್ತಾರೆ? ನಮ್ಮ ಕಡೆ "ಅವನ್ನ ಅಧ್ಯಕ್ಷ ಮಾಡಿದ್ರು", ಅಷ್ಟೇ. ಎರಡನೇ 'ಅನ್ನು' ಇಲ್ಲವೇ ಇಲ್ಲ. ಪೇಪರ್ ಕನ್ನಡ ಇಟ್ಟುಕೊಂಡು ಸಿದ್ಧಾಂತ ಕಟ್ಟಬೇಡಿ.

ಸಿಂಧನೂರು ಮೇಷ್ಟ್ರು:
"ಅಧ್ಯಕ್ಷ ಮಾಡಿದ್ರು" ತಪ್ಪು ತಂಗಿ. ಅಧ್ಯಕ್ಷರೇ ಏನೋ ಮಾಡಿದರು ಅನ್ನುವ ಅರ್ಥ ಬರುತ್ತದೆ. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಇದನ್ನು ತಿದ್ದಿದ್ದೇನೆ.

ರಾಯಚೂರು ಹುಡುಗಿ:
ತಿದ್ದಿದ್ದೇ ತಪ್ಪು ಸರ್! ನಮ್ಮ ಅವ್ವ ಸಿಟ್ಟು ಬಂದರೆ "ನನ್ನ ಹುಚ್ಚಿ ಮಾಡಬ್ಯಾಡ್ರಿ" ಅಂತಾಳೆ. ಹುಚ್ಚಿ ಯಾರು ಅಂತ ಮನೆಯಲ್ಲಿ ಯಾರಿಗೂ ಗೊಂದಲ ಆಗಿಲ್ಲ. ಅವ್ವನ ಕನ್ನಡ ತಪ್ಪು ಅನ್ನುವ ಹಕ್ಕು ಯಾರಿಗೂ ಇಲ್ಲ.

ಕೊಪ್ಪಳದ ಓದುಗ:
'ಹುಚ್ಚಿ'! ತಂಗಿ, ನೀವೇ ನನ್ನ ಪರ ಸಾಕ್ಷಿ ಕೊಟ್ಟಿರಿ. 'ಹುಚ್ಚ' ಅಲ್ಲ, 'ಹುಚ್ಚಿ'. 'ಅನ್ನು' ಹೋದರೂ ಲಿಂಗ ಉಳಿಯಿತು. ಅದು ಹೊಂದಿಕೊಂಡಿದ್ದು 'ನನ್ನ' ಜೊತೆ, ಹುಚ್ಚಿ ಮಾಡುವವರ ಜೊತೆ ಅಲ್ಲ. ಅಂದರೆ 'ನಾನು ಹುಚ್ಚಿ' ಒಳಗಿದೆ.

ರಾಯಚೂರು ಹುಡುಗಿ:
ನಾನು ನಿಮ್ಮ ಪರ ಬಂದಿಲ್ಲ. ಮೇಷ್ಟ್ರು ಮೊದಲು 'ತಪ್ಪು' ಅಂದಿದ್ದನ್ನು ವಾಪಸ್ ತಗೊಳ್ಳಲಿ.

ಬಳ್ಳಾರಿ ಕೋಟೆ:
"ಹೊಂದಿಕೊಂಡಿದ್ದು" ಅಂದಿರಿ. ಹೊಂದಿಕೊಳ್ಳಲು ಒಂದೇ ತುಂಡಾಗಬೇಕಿಲ್ಲ. ಎರಡು ಪದ ದೂರ ಇದ್ದೂ ಒಂದು ಇನ್ನೊಂದರ ಬಗ್ಗೆ ಹೇಳಬಹುದು. 1980ರಲ್ಲಿ ವಿಲಿಯಮ್ಸ್ ಕಟ್ಟಿದ ವಾದ ಅದೇ.

ಗಂಗಾವತಿ ಸಂಶೋಧಕ:
ವಿಲಿಯಮ್ಸ್ ತಮ್ಮ ಮಾತನ್ನೇ ಬಿಟ್ಟರು ಅನ್ನುವ ಹಾಗೆ ಬರೆಯಬೇಡಿ. 1975ರಲ್ಲಿ ಅವರು ಕಿರುವಾಕ್ಯ ಅಂದಿದ್ದು ಬೇರೆ ರಚನೆಗಳಿಗೆ, 1983ರಲ್ಲಿ ಎದುರಿಸಿದ್ದು ಸ್ಟೋವೆಲ್ ಬಗೆಯದನ್ನು. ಮತ್ತೆ, ಪದ ನುಗ್ಗಿತು ಅನ್ನೋದು ಸಾಕ್ಷಿನೇ ಅಲ್ಲ. ಕನ್ನಡದಲ್ಲಿ ಪದಗಳು ಹೇಗೂ ಜಾಗ ಬದಲಿಸುತ್ತವೆ. "ಅವನನ್ನು ಕಳ್ಳ ಅಂತ ತಿಳಿದೆ" ಅಂದರೆ ನಾನು ತಿಳಿದಿದ್ದು ಅವನನ್ನಲ್ಲ, ಅವನು ಕಳ್ಳ ಅನ್ನುವುದನ್ನು. ಅರ್ಥ ನೋಡಿ.

ಬಳ್ಳಾರಿ ಕೋಟೆ:
'ಅಂತ' ಬಂತಲ್ಲ ಸರ್! 'ಅಂತ' ಇದ್ದರೆ ಅದು ಪೂರ್ತಿ ವಾಕ್ಯ. ಕಿರುವಾಕ್ಯ ಹೇಗಾಯಿತು?

ಗಂಗಾವತಿ ಸಂಶೋಧಕ:
ಪೂರ್ತಿ ವಾಕ್ಯ ಆಗಿದ್ದರೆ "ಅವನು ಕಳ್ಳ ಅಂತ" ಆಗಬೇಕಿತ್ತು. 'ಅವನನ್ನು' ಎಲ್ಲಿಂದ ಬಂತು? ಮೊದಲು ಅದಕ್ಕೆ ಉತ್ತರ ಕೊಡಿ.

ಸಿಂಧನೂರು ಮೇಷ್ಟ್ರು:
ಮನೆ ಮಾತಿನಲ್ಲಿ ನಡೆಯಲಿ ತಂಗಿ. ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುವುದಿಲ್ಲ.

ರಾಯಚೂರು ಹುಡುಗಿ:
ನಾನು ಅಂಕ ಕೇಳಿಲ್ಲ ಸರ್. ತಪ್ಪೋ ಸರಿಯೋ, ಅದನ್ನು ಹೇಳಿ.