ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುದಿಲ್ಲ, ಮಗಳಿಗೆ ಹೇಗೆ ಹೇಳಿಕೊಡುದು?

ಕಾಪು_ಅಮ್ಮ:
ಮಗಳು ಕನ್ನಡ ಮಾಧ್ಯಮ, ಐದನೇ ತರಗತಿ. ಮನೆಯಲ್ಲಿ ತುಳು. ಇಂಗ್ಲಿಷ್ ಪಾಠವನ್ನು ಗಿಳಿಯ ಹಾಗೆ ಒಪ್ಪಿಸ್ತಾಳೆ, ನಡುವಿನ ಒಂದು ಶಬ್ದಕ್ಕೆ ಬೆರಳಿಟ್ಟು ಕೇಳಿದರೆ ಸುಮ್ಮನಾಗ್ತಾಳೆ. ಪುಸ್ತಕದ ತುಂಬ ಇಂಗ್ಲಿಷ್ ಶಬ್ದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಂಡಿದ್ದಾಳೆ. ನಮಗೆ ರಾತ್ರಿ ಅರ್ಧ ಗಂಟೆ ಸಿಗ್ತದೆ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತ ಕೆಲವರು ಹೇಳ್ತಾರೆ. ಎಂತ ಮಾಡುದು?

ನಾಲ್ಕುಗೆರೆ:
ಮೊದಲು ಆ ಪೆನ್ಸಿಲ್ ಬರಹ ನಿಲ್ಲಿಸಿ. ಕನ್ನಡ ಕಂಡರೆ ಕಣ್ಣು ಅಲ್ಲಿಗೇ ಹೋಗ್ತದೆ, ಕೆಳಗಿನ ಇಂಗ್ಲಿಷ್ ಅಕ್ಷರವನ್ನು ಮಗು ನೋಡುವುದೇ ಇಲ್ಲ. ಒಂದೇ ಸಲ ಎಲ್ಲ ಅಳಿಸಿದರೆ ಹೆದರುತ್ತಾಳೆ. ದಿನಕ್ಕೆ ನಾಲ್ಕೈದು ಸಾಲು ಅಳಿಸಿ ಸಾಕು.

ಎರಡನೆಯದು, ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ‘ಸಿ, ಎ, ಟಿ’ ಅಂತ ನೂರು ಸಲ ಹೇಳಿದರೂ ‘ಕ್ಯಾಟ್’ ಬರುದಿಲ್ಲ. ‘ಕ್, ಆ್ಯ, ಟ್’ ಎಂದರೆ ಬರ್ತದೆ. ಕಾಗುಣಿತ ಗೊತ್ತಿರುವ ಮಗುವಿಗೆ ಇದು ಕಷ್ಟ ಅಲ್ಲ. ಕನ್ನಡದ ಅಕ್ಷರದೊಳಗೆ ‘ಅ’ ಇರ್ತದೆ, ಇಂಗ್ಲಿಷಿನದ್ದರಲ್ಲಿ ಇಲ್ಲ, ಅಷ್ಟು ಹೇಳಿ. ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಿ. ಪಿನ್, ಟಿನ್, ಸಿಟ್, ಟ್ಯಾಪ್, ಪ್ಯಾನ್ ಎಲ್ಲ ಇವುಗಳಲ್ಲೇ ಆಗ್ತವೆ. ಮುಂದೆ ಶಬ್ದದ ಕೊನೆಗೆ ಬರುವ ‘ಇ’ (e) ಅಕ್ಷರದ ಚಮತ್ಕಾರ ತೋರಿಸಿ: ಅದಕ್ಕೆ ತನ್ನದೇ ಸದ್ದಿಲ್ಲ, ಆದರೆ ಕ್ಯಾಪ್ ಇದ್ದದ್ದು ಕೇಪ್ ಆಗ್ತದೆ, ಕಿಟ್ ಕೈಟ್ ಆಗ್ತದೆ, ಹಾಪ್ ಹೋಪ್ ಆಗ್ತದೆ.

‘ವಾಸ್’, ‘ಸೆಡ್’, ‘ಒನ್’ ಯಾವ ಲೆಕ್ಕಕ್ಕೂ ಸಿಗುದಿಲ್ಲ. ಇವು ಕಣ್ಣಿನ ಗುರುತಿನಿಂದಲೇ ಬರಬೇಕು. ಹಳೇ ಮದುವೆ ಕಾಗದ ಕತ್ತರಿಸಿ, ಒಂದೊಂದರಲ್ಲಿ ಒಂದು ಶಬ್ದ ಬರೆದು, ದಿನಕ್ಕೆ ಮೂರು ತೋರಿಸಿ.

ಕೊಡಿಯಾಲ:
ಮನೆಯ ಭಾಷೆ ಬದಲಾಯಿಸಬೇಡಿ ಮಾರಾಯ್ರೆ. ಅರೆಬರೆ ಇಂಗ್ಲಿಷಿನಲ್ಲಿ ಹತ್ತು ಮಾತಾಡುವುದಕ್ಕಿಂತ ತುಳುವಿನಲ್ಲಿ ನೂರು ಮಾತು ಒಳ್ಳೆಯದು. ಅರ್ಥ ಹುಟ್ಟುವುದೇ ಅಲ್ಲಿ. ಪಾಠ ಓದಿಯಾದ ಮೇಲೆ ‘ಇದರಲ್ಲಿ ಎಂತ ಉಂಟು, ತುಳುವಿನಲ್ಲಿ ಹೇಳು’ ಅನ್ನಿ. ಹೇಳಲಿಕ್ಕೆ ಬಾರದಿದ್ದರೆ ಓದಿದ್ದು ಬರೀ ಬಾಯಿಪಾಠ. ಈ ಪರೀಕ್ಷೆ ಮಾಡಲಿಕ್ಕೆ ನಿಮಗೆ ಇಂಗ್ಲಿಷ್ ಬೇಕಾಗಿಲ್ಲ.

ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ಕೇಳಲಿಕ್ಕೆ ಕಿವಿ ಸಾಕು, ಬೀಡಿ ಕಟ್ಟುತ್ತಾ, ಮೀನು ಮಾಡುತ್ತಾ ಕೇಳಬಹುದು. ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ, ಬಾಯಿ ಹಾಕಬೇಡಿ. ಇಂಗ್ಲಿಷ್ ಸ್ಪೆಲ್ಲಿಂಗಿಗೆ ದಿನಕ್ಕೆ ಐದೇ ಶಬ್ದ: ನೋಡು, ಮುಚ್ಚು, ಬರೆ, ತೆರೆದು ಹೋಲಿಸು. ಹತ್ತತ್ತು ಸಲ ಬರೆಸಿದರೆ ಕೈ ಬರೆಯುತ್ತದೆ, ತಲೆ ಮಲಗಿರುತ್ತದೆ. ಮೂರು ದಿನ ಬಿಟ್ಟು ಅದೇ ಐದನ್ನು ಪುನಃ ಕೇಳಲೇಬೇಕು. ಹೆಚ್ಚಿನವರು ತಪ್ಪಿಸುವುದು ಇದನ್ನೇ.

ಕಾಪು_ಅಮ್ಮ:
ವಾಕ್ಯ ಬರೆಯುವಾಗ ಶಬ್ದ ಹಿಂದೆ ಮುಂದೆ ಆಗ್ತದೆ. ‘ಐ ಸ್ಕೂಲ್ ಟು ಗೋ’ ಅಂತ ಬರೀತಾಳೆ.

ಪಡುಬಿದ್ರಿ_ಎಕ್ಸ್‌ಪ್ರೆಸ್:
ಅವಳು ತಪ್ಪು ಮಾಡ್ತಿಲ್ಲ, ತುಳುವಿನ ಹಾಗೆ ಯೋಚಿಸ್ತಿದ್ದಾಳೆ. ‘ಯಾನ್ ಶಾಲೆಗ್ ಪೋಪೆ’ಯಲ್ಲಿ ‘ಪೋಪೆ’ ಕೊನೆಗೆ, ‘ಗ್’ ಶಾಲೆ ಆದ ಮೇಲೆ. ಇಂಗ್ಲಿಷಿನಲ್ಲಿ ‘ಗೋ’ ಎರಡನೇ ಜಾಗಕ್ಕೆ ಬರ್ತದೆ, ‘ಟು’ ಶಾಲೆಗಿಂತ ಮೊದಲು ನಿಲ್ತದೆ. ನಾಲ್ಕು ಚೀಟಿಯಲ್ಲಿ ಐ, ಗೋ, ಟು, ಸ್ಕೂಲ್ ಬರೆದು ನೆಲದ ಮೇಲೆ ಜೋಡಿಸಲಿ. ಆಮೇಲೆ ಕೊನೆಯ ಚೀಟಿ ಮಾತ್ರ ಬದಲಿಸಿ: ಉಡುಪಿ, ಮಲ್ಪೆ. ‘ಐ’ ತೆಗೆದು ‘ಶಿ’ ಇಟ್ಟಾಗ ‘ಗೋ’ ಹೋಗಿ ‘ಗೋಸ್’ ಬರಬೇಕು.

‘ಡಿಡ್ ನಾಟ್ ವೆಂಟ್’ ಎನ್ನುವುದೂ ಬರ್ತದೆ, ನೋಡ್ತಾ ಇರಿ. ‘ಡಿಡ್’ ಭೂತಕಾಲವನ್ನು ಹೊತ್ತುಕೊಂಡ ಮೇಲೆ ಕ್ರಿಯಾಪದ ‘ಗೋ’ ಆಗಿಯೇ ಇರಬೇಕು. ‘ಎಗ್’ ಅನ್ನು ‘ಯೆಗ್’, ‘ಬಸ್’ ಅನ್ನು ‘ಬಸ್ಸು’ ಅಂದರೆ ಈಗ ತಿದ್ದಲಿಕ್ಕೆ ಹೋಗಬೇಡಿ, ಬಾಯಿ ಬಿಡುವುದೇ ನಿಂತು ಹೋದೀತು.

ನಾಲ್ಕುಗೆರೆ:
ಓದಲಿಕ್ಕೆ ಐದನೇ ತರಗತಿಯ ಪಾಠವೇ ಬೇಡ. ಎರಡನೇ, ಮೂರನೇ ತರಗತಿಯ ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗ್ತದೆ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಶಬ್ದ ಗೊತ್ತಿಲ್ಲದಿದ್ದರೆ ಆ ಪುಸ್ತಕ ಭಾರ ಅಂತ ಲೆಕ್ಕ, ಇನ್ನೂ ಕೆಳಗಿನದು ಹಿಡಿಯಿರಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಉಂಟು. ಮೊದಲ ಹಂತದ ಕಥೆ ತೆಗೆದು ಕನ್ನಡದ್ದನ್ನು ಮೊದಲು ಓದಿಸಿ. ಪಂಚಾಯತ್ ಗ್ರಂಥಾಲಯದಲ್ಲೂ ಕೇಳಿ ನೋಡಿ, ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಇರ್ತದೆ.

ಕಾಪು_ಅಮ್ಮ:
ಟ್ಯೂಷನ್‌ಗೆ ಹಾಕುದಾ?

ಕೊಡಿಯಾಲ:
ಅಲ್ಲಿ ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸುವುದಾದರೆ ದುಡ್ಡು ದಂಡ. ಮೊದಲು ಟೀಚರ್ ಹತ್ತಿರ ಹೋಗಿ, ‘ಮಗಳು ಹೇಗಿದ್ದಾಳೆ’ ಅಂತ ಕೇಳಬೇಡಿ. ತಡವರಿಸಿದ ಸಾಲಿಗೆ ಗೆರೆ ಎಳೆದ ಪುಸ್ತಕ ತೆಗೆದುಕೊಂಡು ಹೋಗಿ ಆ ಸಾಲನ್ನೇ ತೋರಿಸಿ. ತಿಂಗಳು ಬಿಟ್ಟು, ಅವಳು ಯಾವತ್ತೂ ನೋಡದ ಒಂದು ಪುಟ ಓದಿಸಿ. ಆಗಲೂ ಹೀಗೆಯೇ ತಡವರಿಸಿದರೆ ಟ್ಯೂಷನ್ ವಿಷಯ ನೋಡುವ.