ಟ್ರೊಮ್ಸೊ ಅತಿಥಿ ಕೋಣೆ: ನೀಲಿ ಎಲ್‌ಇಡಿ ಪಟ್ಟಿ ಹಾಕಿಸಬಹುದೇ?

ಉತ್ತರದಮನೆ: ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ 12 ಚದರ ಮೀಟರಿನ ಕೋಣೆಯನ್ನು ಡಿಸೆಂಬರ್‌ನಿಂದ ಅತಿಥಿಗಳಿಗೆ ಕೊಡುವ ಯೋಚನೆ. ದಕ್ಷಿಣಕ್ಕೆ ದೊಡ್ಡ ಕಿಟಕಿ, ಮೂರು ಪದರದ ಗಾಜು. ಆರ್ಕ್ಟಿಕ್ ಕಳೆ ಬರಲೆಂದು ಚಾವಣಿ ಅಂಚಿಗೆ ನೀಲಿ-ಹಸಿರು ಎಲ್‌ಇಡಿ ಪಟ್ಟಿ ಹಾಕಿಸಿದರೆ ಹೇಗೆ? ದೀಪ ಎಷ್ಟು ಬೇಕು, ಎಲ್ಲಿಡಬೇಕು?

ಮಂದದೀಪ: ಪಟ್ಟಿ ಬೇಡವೇ ಬೇಡ. ನೀಲಿ ಕಿಟಕಿಯಾಚೆ ಪುಕ್ಕಟೆ ಸಿಗುತ್ತೆ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟಲ್ಲ, ನಿಜ. ಆದರೆ ಡಿಸೆಂಬರ್ 21ರ ನಡುಹಗಲಲ್ಲೂ ಅವನು ದಿಗಂತದ ಕೆಳಗಿರೋದು ಬರೀ 3 ಡಿಗ್ರಿಯಷ್ಟು. ಓರೆಯಾಗಿ ಬರೋ ಬೆಳಕಿನ ಹಳದಿ-ಕಿತ್ತಳೆಯನ್ನು ಓಝೋನ್ ಹೀರಿಕೊಳ್ಳುತ್ತೆ. ಉಳಿದ ನೀಲಿಯನ್ನು ಹಿಮ ನೇರ ನಿಮ್ಮ ಕೋಣೆಗೆ ಎರಚುತ್ತೆ. ಒಳಗಿನ ದೀಪ ಹಳದಿಯಾಗಿದ್ದಷ್ಟೂ ಆಚೆಯ ನೀಲಿ ಗಾಢವಾಗಿ ಕಾಣುತ್ತೆ.

2200 ಕೆಲ್ವಿನ್ (ಬೆಚ್ಚನೆ ಹಳದಿ ಬಣ್ಣ), 250 ಲ್ಯೂಮೆನ್ (ಬೆಳಕಿನ ಪ್ರಮಾಣ) ಆಸುಪಾಸಿನ ಎಲ್‌ಇಡಿ ಬಲ್ಬು ಮೂರು ಸಾಕು, ಬಟ್ಟೆಯ ಶೇಡ್ ಇರಲಿ. ಮೂರನ್ನೂ ಕಿಟಕಿ ಹಲಗೆಗಿಂತ ಕೆಳಗಿಡಿ. ಎದುರು ಗೋಡೆಯಲ್ಲಿ ಎತ್ತರಕ್ಕೆ ದೀಪ ಹಾಕಿದರೆ ಗಾಜು ಕನ್ನಡಿಯಾಗಿ ಅತಿಥಿಗೆ ತನ್ನ ಮುಖವೇ ಕಾಣುತ್ತೆ. ತಂತಿ ಬಲ್ಬಿನ ಕಾಲದ ಹಳೇ ಡಿಮ್ಮರ್ (ಬೆಳಕು ತಗ್ಗಿಸೋ ಸ್ವಿಚ್) ಇದ್ದರೆ ಬದಲಿಸಿ: ಮೂರು ಎಲ್‌ಇಡಿ ಸೇರಿದರೂ ಅದಕ್ಕೆ ಬೇಕಾದ ಕನಿಷ್ಠ ವಿದ್ಯುತ್ ಲೋಡ್ ಮುಟ್ಟದೆ ದೀಪ ಮಿಣುಕುತ್ತೆ.

ಗಾಜುಗಾರ: ದೀಪಕ್ಕಿಂತ ಮೊದಲು ಗಾಜಿನ ತೇವ ನೋಡಿಕೊಳ್ಳಿ. ದಪ್ಪ ಪರದೆ ಹೀಟರ್ ಮೇಲೆ ಇಳಿಬಿದ್ದರೆ ಬಿಸಿಗಾಳಿ ಗಾಜನ್ನು ತಲುಪುವುದಿಲ್ಲ. ಬೆಳಗ್ಗೆ ಚೌಕಟ್ಟಿನ ಕೆಳಗೆ ನೀರು, ತಿಂಗಳೊಳಗೆ ಬೂಷ್ಟು. ಪರದೆ ಹೀಟರ್‌ಗಿಂತ ಮೇಲೆಯೇ ಮುಗಿಯಲಿ. ಒದ್ದೆ ಜಾಕೆಟ್, ಬೂಟುಗಳಿಗೆ ಕೋಣೆಯ ಹೊರಗೆ ಜಾಗ ಮಾಡಿ. ಒಳಗಿನ ತೇವಾಂಶ ಶೇ. 30–40 ದಾಟದಿರಲಿ.

ಹೊರಮೈಯಲ್ಲಿ ಮಂಜು ಕಟ್ಟಿದರೆ ಮಾತ್ರ ಅದು ಗಾಜಿನ ದೋಷವಲ್ಲ. ಒಳಗಿನ ಶಾಖ ಹೊರಪದರಕ್ಕೆ ಹೋಗದ ಕಾರಣ, ಶುಭ್ರ ಆಕಾಶದ ರಾತ್ರಿ ಆ ಪದರ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಅರೋರಾ (ಧ್ರುವಪ್ರದೇಶದ ಆಕಾಶದ ಬಣ್ಣದ ಬೆಳಕು) ಕಾಣುವುದೂ ಅಂಥ ರಾತ್ರಿಯೇ, ಏನು ಮಾಡೋಣ! ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಬಿಸಿನೀರು ಸುರಿದರೆ ಗಾಜು ಬಿರಿಯಬಹುದು.

ಮಂದದೀಪ: ಅರೋರಾಗೆ ದಕ್ಷಿಣದ ಕಿಟಕಿ ಸಾಲದು ಅಂತ ಚಿಂತೆ ಬೇಡ. ಟ್ರೊಮ್ಸೊ ಅರೋರಾ ವಲಯದಲ್ಲೇ ಇರೋದರಿಂದ ನೆತ್ತಿಯ ಮೇಲೂ, ದಕ್ಷಿಣಕ್ಕೂ ಕಾಣಬಹುದು. ಕಣ್ಣು ಕತ್ತಲಿಗೆ ಒಗ್ಗಲು 20 ನಿಮಿಷವಾದರೂ ಬೇಕು. ಅಷ್ಟೂ ಹೊತ್ತು ಬಾತ್‌ರೂಮ್ ದಾರಿಗೆ ನೆಲಮಟ್ಟದ ಮಂದ ಕೆಂಪು ದೀಪವೊಂದೇ ಇರಲಿ.

ಹೊದಿಕೆ: ಡಬಲ್ ಮಂಚಕ್ಕೂ 140×200 ಸೆಂ.ಮೀ. ಡುವೆ (ಮೆತ್ತನೆಯ ದಪ್ಪ ಹೊದಿಕೆ) ಎರಡು ಇಡಿ, ಅಲ್ಲಿಯ ರೂಢಿ ಹಾಗೆ. ಮೇಣದಬತ್ತಿ ಮಸಿ ಬಿಳಿ ಗೋಡೆ ಕೆಡಿಸುತ್ತೆ. ಅಲ್ಲಿನವರು ಡಿಸೆಂಬರ್‌ನಲ್ಲಿ ಕಿಟಕಿಗಿಡುವ ಏಳು ದೀಪದ ವಿದ್ಯುತ್ ಸ್ಟ್ಯಾಂಡೇ ವಾಸಿ. ಇನ್ನು ಗೋಡೆ ಡಿಮ್ಮರ್ ನೀವೇ ಬದಲಿಸೋ ಹಾಗಿಲ್ಲ, ನಾರ್ವೆಯಲ್ಲಿ ನೋಂದಾಯಿತ ಎಲೆಕ್ಟ್ರಿಷಿಯನ್ನೇ ಬರಬೇಕು. ವೈರಿನಲ್ಲೇ ಡಿಮ್ಮರ್ ಇರೋ ಮೇಜುದೀಪ ತಂದರೆ ಆ ಖರ್ಚು ಉಳಿಯುತ್ತೆ.